ಸಹಿ ರಾಜಂದು, ತೀರ್ಮಾನ ಇನ್ಯಾರದೋ

(ಭಾನುವಾರ ಸಂಜೆ ಆಡಿದ ಮಾತನ್ನ ಬರಹಕ್ಕೆ ಇಳಿಸಿದ್ದೀನಿ. ಟೈಮ್ ಸಾಲದೆ ಬಿಟ್ಟಿದ್ದ ಕೆಲವು ವಿಷಯ ಸೇರಿಸಿದ್ದೀನಿ, ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನ ಹಾಗೇ ಇಟ್ಟಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಸಾಂವಿಧಾನಿಕ ರಾಜಪ್ರಭುತ್ವ ಅಂದ ತಕ್ಷಣ ನಿಮ್ಮಲ್ಲಿ ಸುಮಾರು ಜನಕ್ಕೆ ಪಿಯುಸಿ ರಾಜ್ಯಶಾಸ್ತ್ರದ ಐದು ಮಾರ್ಕಿನ ಪ್ರಶ್ನೆ ನೆನಪಾಗಿರುತ್ತೆ, ಗೊತ್ತು, ಆದ್ರೂ ಸ್ವಲ್ಪ ತಾಳ್ಮೆ ಇರಲಿ. ರಾಜ ಇರ್ತಾನೆ, ಆದ್ರೆ ಆಳೋದು ಚುನಾಯಿತ ಸರ್ಕಾರ, ಅಷ್ಟೇ ಅದರ ಅರ್ಥ. ಇಂಥ ದೇಶಗಳು ಬೇಕಾದಷ್ಟಿವೆ, ಜಪಾನ್, ಸ್ವೀಡನ್, ಸ್ಪೇನ್, ಮಲೇಷ್ಯಾ, ಪಕ್ಕದಲ್ಲೇ ಭೂತಾನ್. ನಾನು ಬ್ರಿಟನ್ನನ್ನೇ ಹಿಡ್ಕೊಳ್ತೀನಿ, ಯಾಕಂದ್ರೆ ನಮ್ಮ ವಿಧಾನಸೌಧದಲ್ಲಿ ನಡೆಯೋ ಅರ್ಧ ಆಚಾರ ಅಲ್ಲಿಂದಲೇ ಬಂದಿದ್ದು.

2022ರ ಸೆಪ್ಟೆಂಬರ್ 6ರಿಂದ ಶುರು ಮಾಡೋಣ. ಸ್ಕಾಟ್ಲೆಂಡಿನ ಬಾಲ್ಮೋರಲ್ ಅರಮನೆಗೆ ಬೋರಿಸ್ ಜಾನ್ಸನ್ ಬಂದು ರಾಣಿ ಎರಡನೇ ಎಲಿಜಬೆತ್ ಹತ್ರ ರಾಜೀನಾಮೆ ಕೊಟ್ರು, ಅವರು ಹೋದ ಸ್ವಲ್ಪ ಹೊತ್ತಿಗೆ ಲಿಜ್ ಟ್ರಸ್ ಬಂದು ಪ್ರಧಾನಿ ಆದ್ರು. ರಾಣಿಗೆ ಆಗ 96 ವರ್ಷ, ಕೋಲು ಹಿಡಿದು ನಿಂತು ನಗ್ತಾ ಕೈಕುಲುಕಿದ ಫೋಟೋ ನೀವೂ ನೋಡಿರ್ತೀರಿ. ಎರಡೇ ದಿನಕ್ಕೆ ರಾಣಿ ತೀರಿಕೊಂಡ್ರು. ಆ ಕ್ಷಣಕ್ಕೇ ಅವರ ಮಗ ಚಾರ್ಲ್ಸ್ ದೊರೆ, ಪಟ್ಟಾಭಿಷೇಕ ಆಗಿದ್ದು ಮುಂದಿನ ವರ್ಷದ ಮೇ 6ಕ್ಕೆ, ಅದಕ್ಕೆ ಯಾರೂ ಕಾಯಲೂ ಇಲ್ಲ, ಕಾಯಬೇಕಾಗೂ ಇಲ್ಲ. ಆಮೇಲೆ ಟ್ರಸ್ ಸರ್ಕಾರದ ತೆರಿಗೆ ಕಡಿತದ ಪ್ಲಾನಿಗೆ ಮಾರ್ಕೆಟ್ ನಡುಗಿ, ಪಾರ್ಟಿಯೊಳಗೇ ಗಲಾಟೆ ಎದ್ದು, ಅವರು 49 ದಿನಕ್ಕೆ ಮನೆಗೆ ಹೋದ್ರು. ಅಕ್ಟೋಬರ್ 25ಕ್ಕೆ ರಿಷಿ ಸುನಕ್ ಬಕಿಂಗ್‌ಹ್ಯಾಮ್ ಅರಮನೆ ಒಳಗೆ ಹೋಗಿ ಪ್ರಧಾನಿಯಾಗಿ ಹೊರಗೆ ಬಂದ್ರು. ನಾರಾಯಣ ಮೂರ್ತಿ, ಸುಧಾ ಮೂರ್ತಿಯವರ ಅಳಿಯ ಅನ್ನೋ ಕಾರಣಕ್ಕೆ ನಮ್ಮ ಟಿವಿಗಳು ಆವತ್ತು ಇಡೀ ದಿನ ಅದನ್ನೇ ತೋರಿಸಿದ್ವು.

ಲೆಕ್ಕ ಹಾಕಿ. ಏಳು ವಾರದಲ್ಲಿ ಮೂರು ಪ್ರಧಾನಿಗಳು, ಇಬ್ಬರು ದೊರೆಗಳು. ಸಾರ್ವತ್ರಿಕ ಚುನಾವಣೆ ಒಂದೂ ಇಲ್ಲ. ಬೀದಿಯಲ್ಲಿ ಸೈನ್ಯ ಇಲ್ಲ, ಕೋರ್ಟಲ್ಲಿ ಕೇಸಿಲ್ಲ, ರೆಸಾರ್ಟ್ ಅಂತೂ ಇಲ್ಲವೇ ಇಲ್ಲ. ಇದು ಹೇಗೆ ಸಾಧ್ಯ ಆಯ್ತು?

ಈ ವಿಷಯ ಮಾತಾಡೋಕೆ ಎಲ್ಲೇ ಹೋದ್ರೂ ಮೊದಲು ಬರೋ ಪ್ರಶ್ನೆ "ಸಾರ್, ಆ ರಾಜನಿಗೆ ನಿಜವಾಗ್ಲೂ ಪವರ್ ಇದೆಯಾ, ಬರೀ ರಬ್ಬರ್ ಸ್ಟಾಂಪಾ?" ಅಂತ. ರಬ್ಬರ್ ಸ್ಟಾಂಪ್ ಅಂತಾನೇ ಇಟ್ಕೊಳ್ಳಿ, ಆದ್ರೆ ಸ್ಟಾಂಪ್ ತಾನಾಗೇ ಪೇಪರ್ ಮೇಲೆ ಬೀಳಲ್ಲ ಅಲ್ವಾ, ಯಾರೋ ಹಿಡಿದು ಒತ್ತಬೇಕು. ನಾನು ಇವತ್ತು ಹೇಳಬೇಕು ಅಂತ ಬಂದಿರೋದು ಇಷ್ಟೇ: ಬ್ರಿಟನ್ ರಾಜನ ಅಧಿಕಾರಗಳಲ್ಲಿ ಬಹಳಷ್ಟನ್ನ ಯಾವತ್ತೂ ರದ್ದು ಮಾಡಲೇ ಇಲ್ಲ, ರಾಜನ ಕೈಯಿಂದ ಬಿಡಿಸಿ ಪ್ರಧಾನಿ ಕೈಗೆ ಇಟ್ಟಿತು. ಹಾಗಾಗಿ ರಾಜನ ಬಗ್ಗೆ ತಲೆ ಕೆಡಿಸಿಕೊಳ್ಳೋದಕ್ಕಿಂತ, ರಾಜನ ಪವರ್ ಇಟ್ಕೊಂಡಿರೋ ಪ್ರಧಾನಿಯನ್ನ ತಡೆಯೋರು ಯಾರು ಅಂತ ಕೇಳಿದ್ರೆ ಈ ವ್ಯವಸ್ಥೆ ಅರ್ಥ ಆಗೋಕೆ ಶುರುವಾಗುತ್ತೆ.

ಇತಿಹಾಸ ಬೇಗ ಮುಗಿಸ್ತೀನಿ. 1642ರ ಜನವರಿಯಲ್ಲಿ ಒಂದನೇ ಚಾರ್ಲ್ಸ್ ಸೈನಿಕರನ್ನ ಕರ್ಕೊಂಡು ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆಗೇ ನುಗ್ಗಿದ, ತನಗೆ ಎದುರು ಮಾತಾಡಿದ ಐದು ಮೆಂಬರ್‌ಗಳನ್ನ ಅರೆಸ್ಟ್ ಮಾಡೋಕೆ. ಅವರು ಆಗಲೇ ತಪ್ಪಿಸಿಕೊಂಡಿದ್ರು. ಎಲ್ಲಿದ್ದಾರೆ ಅಂತ ಸ್ಪೀಕರ್ ವಿಲಿಯಂ ಲೆಂತಾಲ್‌ನ ಕೇಳಿದ್ರೆ ಅವನು ಮೊಣಕಾಲೂರಿ, ಈ ಸಭೆ ಹೇಳಿದ್ದನ್ನ ಬಿಟ್ಟು ನನಗೆ ಇಲ್ಲಿ ನೋಡೋಕೆ ಕಣ್ಣಿಲ್ಲ, ಮಾತಾಡೋಕೆ ನಾಲಿಗೆ ಇಲ್ಲ ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟ. ಆಮೇಲೆ ಅಂತರ್ಯುದ್ಧ, 1649ರಲ್ಲಿ ರಾಜನ ತಲೆ ಹೋಯ್ತು, ಹನ್ನೊಂದು ವರ್ಷ ಬ್ರಿಟನ್ನಿಗೆ ರಾಜನೇ ಇರಲಿಲ್ಲ. ಮತ್ತೆ ರಾಜ ಬಂದ್ರು, ಮತ್ತೆ ಜಗಳ, 1688ರಲ್ಲಿ ಎರಡನೇ ಜೇಮ್ಸ್ ಓಡಿಹೋದ, ಅವನ ಮಗಳು ಮೇರಿ ಮತ್ತೆ ಅಳಿಯ ವಿಲಿಯಂ ಸಿಂಹಾಸನಕ್ಕೆ ಬಂದ್ರು. ಇವರ ಜೊತೆಗೇ 1689ರ ಹಕ್ಕುಗಳ ಮಸೂದೆ ಬಂತು: ಪಾರ್ಲಿಮೆಂಟ್ ಒಪ್ಪದೆ ತೆರಿಗೆ ಹಾಕೋ ಹಾಗಿಲ್ಲ, ಶಾಂತಿಕಾಲದಲ್ಲಿ ಸೈನ್ಯ ಇಟ್ಕೊಳ್ಳೋ ಹಾಗಿಲ್ಲ, ಮಾಡಿದ ಕಾನೂನನ್ನ ತಡೆಹಿಡಿಯೋ ಹಾಗಿಲ್ಲ. ದುಡ್ಡಿನ ಚೀಲ ಕೈತಪ್ಪಿದ ಮೇಲೆ ರಾಜನಿಗೆ ವರ್ಷಾ ವರ್ಷ ಪಾರ್ಲಿಮೆಂಟ್ ಕರೆಯದೇ ಬೇರೆ ದಾರಿ ಇರಲಿಲ್ಲ. ನನ್ನ ಪ್ರಕಾರ ತಲೆ ಕಡಿದದ್ದಕ್ಕಿಂತ ಈ ದುಡ್ಡಿನ ವಿಷಯವೇ ದೊಡ್ಡದು, ತಲೆ ಕಡಿದ ಮೇಲೂ ರಾಜರು ವಾಪಸ್ ಬಂದ್ರು ನೋಡಿ.

1714ಕ್ಕೆ ಜರ್ಮನಿಯ ಹ್ಯಾನೋವರಿಂದ ಒಂದನೇ ಜಾರ್ಜ್ ಬಂದ. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಮನಸ್ಸೆಲ್ಲಾ ಹ್ಯಾನೋವರ್ ಕಡೆಗೆ, ಕ್ಯಾಬಿನೆಟ್ ಮೀಟಿಂಗಿಗೆ ಬರೋದನ್ನೇ ಕ್ರಮೇಣ ಬಿಟ್ಟ. 1721ರಿಂದ ರಾಬರ್ಟ್ ವಾಲ್ಪೋಲ್ ಆ ಜಾಗ ತುಂಬಿದ, ಅವನನ್ನೇ ಮೊದಲ ಪ್ರಧಾನಿ ಅಂತಾರೆ. ಇಂಥದ್ದೊಂದು ಹುದ್ದೆ ಇರಲಿ ಅಂತ ಯಾರೂ ಕಾನೂನು ಮಾಡಿ ಸೃಷ್ಟಿಸಿದ್ದಲ್ಲ. ರಾಜ ಇನ್ನೂ ಸ್ವಲ್ಪ ಕಾಲ ಕೈಯಾಡಿಸ್ತಾನೇ ಇದ್ದ. 1834ರಲ್ಲಿ ನಾಲ್ಕನೇ ವಿಲಿಯಂ ಮೆಲ್ಬರ್ನ್ ಸರ್ಕಾರವನ್ನ ತಾನೇ ಇಳಿಸಿ ರಾಬರ್ಟ್ ಪೀಲ್‌ನ ಕೂರಿಸಿದ, ಚುನಾವಣೆ ನಡೆದ್ರೆ ಪೀಲ್‌ಗೆ ಬಹುಮತವೇ ಬರಲಿಲ್ಲ, ಕೆಲವೇ ತಿಂಗಳಿಗೆ ಅದೇ ಮೆಲ್ಬರ್ನ್ ವಾಪಸ್. ರಾಜನಿಗೆ ಮುಖಭಂಗ. ಬ್ರಿಟನ್ನಲ್ಲಿ ಅದಾದ ಮೇಲೆ ಯಾವ ದೊರೆಯೂ ಆ ಸಾಹಸಕ್ಕೆ ಹೋಗಿಲ್ಲ.

ಈಗ ಕಾಗದದ ಮೇಲೆ ನೋಡಿದ್ರೆ ಇವತ್ತಿಗೂ ಪ್ರಧಾನಿಯನ್ನ ನೇಮಿಸೋದು ರಾಜ, ಪಾರ್ಲಿಮೆಂಟ್ ಕರೆಯೋದು, ವಿಸರ್ಜಿಸೋದು ರಾಜ, ಮಸೂದೆಗೆ ಒಪ್ಪಿಗೆ ಕೊಡೋದು, ಯುದ್ಧ ಸಾರೋದು, ಒಪ್ಪಂದ ಮಾಡ್ಕೊಳ್ಳೋದು, ಕ್ಷಮಾದಾನ ಕೊಡೋದು, ಬಿಷಪ್‌ಗಳನ್ನ ನೇಮಿಸೋದು, ಪಾಸ್‌ಪೋರ್ಟ್ ಕೊಡೋದು, ಎಲ್ಲಾ ರಾಜನ ಹೆಸರಲ್ಲೇ. ರಾಜನ ಹತ್ರ ಮಾತ್ರ ಪಾಸ್‌ಪೋರ್ಟ್ ಇಲ್ಲ, ಕೊಡೋನೇ ಅವನಾದ್ಮೇಲೆ ಅವನಿಗೆ ಯಾಕೆ ಅಂತ. ಕಾಗದ ಬಿಟ್ಟು ನಡೆಯೋದನ್ನ ನೋಡಿದ್ರೆ ಇವುಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಮಂತ್ರಿಗಳ ಸಲಹೆ ಪ್ರಕಾರವೇ ಆಗಬೇಕು, ಸಲಹೆ ಅಂದ್ರೆ ಬೇಕಾದ್ರೆ ತಗೋ ಬೇಡಾಂದ್ರೆ ಬಿಡು ಅನ್ನೋ ಥರದ್ದಲ್ಲ, ರಾಜ ಅದನ್ನ ಪಾಲಿಸಲೇಬೇಕು. ಮಸೂದೆಗೆ ಒಪ್ಪಿಗೆ ಇಲ್ಲ ಅಂತ ಕೊನೇ ಸಲ ಅಂದಿದ್ದು 1708ರಲ್ಲಿ, ರಾಣಿ ಆನ್, ಸ್ಕಾಟ್ಲೆಂಡಿನ ಮಿಲಿಷಿಯಾ ಮಸೂದೆಗೆ, ಅದೂ ತನ್ನ ಮಂತ್ರಿಗಳು ಬೇಡ ಅಂದಿದ್ದಕ್ಕೆ!

ಸಲಹೆ ಕೊಟ್ಟ ಮಂತ್ರಿ ಅದಕ್ಕೆ ಕಾಮನ್ಸ್ ಸಭೆಯಲ್ಲಿ ನಿಂತು ಉತ್ತರ ಕೊಡಬೇಕು. ರಾಜ ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಅದಕ್ಕೇ ಅವನು ಏನನ್ನೂ ತೀರ್ಮಾನಿಸೋ ಹಾಗಿಲ್ಲ. ಈ ಒಂದು ಎಳೆ ಹಿಡ್ಕೊಂಡ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಬಿಡಿಸಿಕೊಳ್ಳುತ್ತೆ. ಮತ್ತೆ ಈ ನಿಯಮಗಳಲ್ಲಿ ಮುಕ್ಕಾಲು ಪಾಲು ಯಾವ ಕಾನೂನು ಪುಸ್ತಕದಲ್ಲೂ ಇಲ್ಲ, ಬರೀ ಸಂಪ್ರದಾಯ. ನಮ್ಮಲ್ಲಿ ಇರೋ ಥರ ಒಂದೇ ಗ್ರಂಥದಲ್ಲಿ ಬರೆದಿಟ್ಟ ಸಂವಿಧಾನ ಅಲ್ಲಿ ಇಲ್ಲ.

ಉದಾಹರಣೆಗೆ ರಾಜನ ಭಾಷಣ. ಪಾರ್ಲಿಮೆಂಟಿನ ಹೊಸ ಅಧಿವೇಶನ ಶುರುವಾಗೋ ದಿನ ಮೊದಲು ಕಾವಲಿನವರು ಲ್ಯಾಂಟರ್ನ್ ಹಿಡ್ಕೊಂಡು ನೆಲಮಾಳಿಗೆಯಲ್ಲಿ ಮದ್ದುಗುಂಡು ಇದೆಯಾ ಅಂತ ಹುಡುಕ್ತಾರೆ, 1605ರಲ್ಲಿ ಪಾರ್ಲಿಮೆಂಟನ್ನೇ ಸಿಡಿಸೋಕೆ ಹೊರಟ ಗೈ ಫಾಕ್ಸ್ ಅಲ್ಲಿ ಸಿಕ್ಕಿಬಿದ್ದ ನೆನಪಿಗೆ. ಕಾಮನ್ಸ್‌ನ ಒಬ್ಬ ಎಂಪಿಯನ್ನ ಅರಮನೆಯಲ್ಲಿ ಒತ್ತೆ ಇಟ್ಕೊಳ್ತಾರೆ, ರಾಜ ಸುರಕ್ಷಿತವಾಗಿ ವಾಪಸ್ ಬರಲಿ ಅಂತ. ರಾಜ ಕಾಮನ್ಸಿಗೆ ಕಾಲಿಡೋ ಹಾಗಿಲ್ಲ, 1642ರ ನಂತರ ಯಾರೂ ಇಟ್ಟಿಲ್ಲ, ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕೂತು ಎಂಪಿಗಳನ್ನ ಕರೆಸ್ತಾನೆ, ಕರೆಯೋಕೆ ಹೋದ ಬ್ಲ್ಯಾಕ್ ರಾಡ್ ಅನ್ನೋ ಅಧಿಕಾರಿ ಮುಖಕ್ಕೇ ಬಾಗಿಲು ಹಾಕ್ತಾರೆ, ಅವರು ಕೋಲಲ್ಲಿ ಮೂರು ಸಲ ಬಡಿದ ಮೇಲೆ ತೆಗೀತಾರೆ. ನೋಡೋಕೆ ನಾಟಕ ಕಂಪನಿ ಥರ ಕಾಣುತ್ತೆ, ನನಗಂತೂ ಆ ಬಾಗಿಲು ಹಾಕೋದು ಪ್ರತಿ ಸಲ ಖುಷಿ ಕೊಡುತ್ತೆ.

ಆಮೇಲೆ ರಾಜ ಓದೋ ಭಾಷಣದಲ್ಲಿ ಒಂದಕ್ಷರವೂ ಅವನದ್ದಲ್ಲ, ಅಷ್ಟೂ ಸರ್ಕಾರ ಬರೆದುಕೊಟ್ಟಿದ್ದು. ಚಾರ್ಲ್ಸ್ ಪರಿಸರದ ಬಗ್ಗೆ ಐವತ್ತು ವರ್ಷದಿಂದ ಮಾತಾಡಿಕೊಂಡು ಬಂದ ಮನುಷ್ಯ. 2023ರ ನವೆಂಬರ್‌ನಲ್ಲಿ ಸುನಕ್ ಸರ್ಕಾರ ಬರೆದುಕೊಟ್ಟ ಭಾಷಣದಲ್ಲಿ ಉತ್ತರ ಸಮುದ್ರದ ತೈಲ, ಗ್ಯಾಸ್ ಪರವಾನಗಿಗಳನ್ನ ವರ್ಷಾ ವರ್ಷ ಕೊಡೋ ಮಸೂದೆ ಇತ್ತು, ಓದಿದ್ರು. 2024ರ ಜುಲೈಯಲ್ಲಿ ಹೊಸದಾಗಿ ಬಂದ ಲೇಬರ್ ಪಾರ್ಟಿ ಸರ್ಕಾರ ಬರೆದುಕೊಟ್ಟಿದ್ದರಲ್ಲಿ ಸರ್ಕಾರಿ ಕ್ಲೀನ್ ಎನರ್ಜಿ ಕಂಪನಿ ಮಾಡ್ತೀವಿ ಅಂತಿತ್ತು, ಅದನ್ನೂ ಓದಿದ್ರು, ಅದೇ ಕಿರೀಟ, ಅದೇ ದನಿ, ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನಮ್ಮ ರಾಜ್ಯಪಾಲರು ಜಂಟಿ ಅಧಿವೇಶನದಲ್ಲಿ 'ನನ್ನ ಸರ್ಕಾರ' ಅಂತ ಓದ್ತಾರಲ್ಲ, ಅದು ಇದರದ್ದೇ ಮರಿ.

ಪ್ರಧಾನಿ ಆಯ್ಕೆಗೆ ಬರೋಣ. ಕಾಮನ್ಸ್‌ನಲ್ಲಿ 650 ಸೀಟು, ಯಾರ ಹಿಂದೆ ಬಹುಮತ ಇದೆಯೋ ಅವರನ್ನ ರಾಜ ಕರೀತಾನೆ. 2024ರ ಜುಲೈ 4ಕ್ಕೆ ಮತದಾನ ಆಯ್ತು, ಲೇಬರ್ 411 ಸೀಟು ಗೆದ್ದಿತು, 5ನೇ ತಾರೀಕು ಬೆಳಿಗ್ಗೆ ಸುನಕ್ ರಾಜೀನಾಮೆ ಕೊಟ್ರು, ಮಧ್ಯಾಹ್ನದ ಊಟದ ಹೊತ್ತಿಗೆ ಕೀರ್ ಸ್ಟಾರ್ಮರ್ ಪ್ರಧಾನಿ. ಸಂಖ್ಯೆ ಸ್ಪಷ್ಟ ಇದ್ದಾಗ ರಾಜನಿಗೆ ಮಾಡೋಕೆ ಏನೂ ಇರಲ್ಲ. ಸ್ಪಷ್ಟ ಇಲ್ಲದಾಗ ಕಷ್ಟ. 1963ರಲ್ಲಿ ಕನ್ಸರ್ವೇಟಿವ್ ಪಾರ್ಟಿಯ ಪ್ರಧಾನಿ ಮ್ಯಾಕ್ಮಿಲನ್ ಆಸ್ಪತ್ರೆಯಲ್ಲಿ ಮಲಗಿದ್ದಾಗ ರಾಣಿ ಅಲ್ಲಿಗೇ ಹೋಗಿ ಅವರ ಮಾತು ಕೇಳಿ ಅಲೆಕ್ ಡಗ್ಲಸ್ ಹೋಮ್ ಅನ್ನೋ ಲಾರ್ಡ್‌ನ ಕರೆದ್ರು, ಪಾರ್ಟಿಯ ಇನ್ನೊಬ್ಬ ಹಿರಿಯ ನಾಯಕ ಬಟ್ಲರ್ ಯಾಕಲ್ಲ ಅಂತ ದೊಡ್ಡ ಗದ್ದಲ ಆಯ್ತು, ರಾಣಿಗೂ ಅದರ ಬಿಸಿ ತಟ್ಟಿತು. ಆಮೇಲೆ ಆ ಪಾರ್ಟಿ ತನ್ನ ನಾಯಕನನ್ನ ತಾನೇ ವೋಟ್ ಹಾಕಿ ಆರಿಸೋ ನಿಯಮ ಮಾಡ್ಕೊಂಡಿತು, 1965ರಿಂದ. ಅಲ್ಲಿಗೆ ರಾಣಿ ತಲೆ ಮೇಲಿನ ಒಂದು ಭಾರ ಇಳೀತು. 2010ರಲ್ಲಿ ಅತಂತ್ರ ಫಲಿತಾಂಶ ಬಂದಾಗ ಪಾರ್ಟಿಗಳು ಐದು ದಿನ ಕೂತು ಮಾತಾಡಿಕೊಂಡ್ವು, ಅಲ್ಲಿವರೆಗೆ ಪ್ರಧಾನಿ ಗಾರ್ಡನ್ ಬ್ರೌನ್ ಕುರ್ಚಿಯಲ್ಲೇ ಇದ್ರು, ಮುಂದೆ ಯಾರು ಅನ್ನೋದು ಹೆಚ್ಚುಕಮ್ಮಿ ಸ್ಪಷ್ಟ ಆದ ಮೇಲೇ ಡೇವಿಡ್ ಕ್ಯಾಮರೂನ್ ಅರಮನೆಗೆ ಹೋಗಿದ್ದು. ಅಧಿಕಾರಿಗಳು ಮೊದಲೇ ಒಂದು ಕೈಪಿಡಿ ಕರಡು ಸಿದ್ಧ ಮಾಡಿಟ್ಟಿದ್ರು, ಅದರ ಉದ್ದೇಶಗಳಲ್ಲಿ ಒಂದು ರಾಣಿಯನ್ನ ಈ ಜಗಳಕ್ಕೆ ಎಳೀಬಾರದು ಅನ್ನೋದು.

ಇದನ್ನ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ಇಲ್ಲ ಅಂತ ಕೆಲವು ಶಾಸಕರ ಪತ್ರ ನೋಡಿ ರಾಜ್ಯಪಾಲ ವೆಂಕಟಸುಬ್ಬಯ್ಯನವರೇ ತೀರ್ಮಾನಿಸಿಬಿಟ್ರು, ಸದನದಲ್ಲಿ ಸಾಬೀತು ಮಾಡ್ತೀನಿ ಅಂದ್ರೂ ಬೊಮ್ಮಾಯಿಯವರಿಗೆ ಅವಕಾಶ ಸಿಗಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತ ಅಳೆಯೋ ಜಾಗ ಸದನ, ರಾಜಭವನ ಅಲ್ಲ ಅಂದಿತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ತೋರಿಸೋಕೆ ರಾಜ್ಯಪಾಲರು 15 ದಿನ ಕೊಟ್ಟಿದ್ರು, ಕೋರ್ಟ್ ಅದನ್ನ ಕಡಿತ ಮಾಡಿತು, ಅವರು ವಿಶ್ವಾಸಮತಕ್ಕೆ ಮೊದಲೇ ರಾಜೀನಾಮೆ ಕೊಟ್ರು. ಬ್ರಿಟನ್ನಿನ ದೊರೆ ಇಷ್ಟೆಲ್ಲಾ ಜಾಗ್ರತೆಯಿಂದ ದೂರ ಇರೋ ಕೆಲಸವನ್ನ ನಮ್ಮ ರಾಜಭವನಗಳು ಉತ್ಸಾಹದಿಂದ ಮಾಡಿವೆ, ಒಂದು ಪಾರ್ಟಿ ಅಂತಲ್ಲ, ಎಲ್ಲರ ಕಾಲದಲ್ಲೂ. ಕಾರಣವೂ ಸಿಂಪಲ್: ದೊರೆಗೆ ತನ್ನ ಮಗ, ಮೊಮ್ಮಗನಿಗೆ ಸಿಂಹಾಸನ ಉಳಿಸೋ ಚಿಂತೆ, ರಾಜ್ಯಪಾಲರಿಗೆ ನೇಮಿಸಿದ ದೆಹಲಿಯ ಚಿಂತೆ.

ಈಗ 2019ಕ್ಕೆ ಬನ್ನಿ, ನನ್ನ ಇಡೀ ಮಾತಿನ ತಿರುಳು ಇಲ್ಲಿದೆ. ಆಗಸ್ಟ್ 28, ಮತ್ತೆ ಅದೇ ಬಾಲ್ಮೋರಲ್. ಬೋರಿಸ್ ಜಾನ್ಸನ್ ಪ್ರಧಾನಿಯಾಗಿ ಇನ್ನೂ ಒಂದು ತಿಂಗಳು ಚಿಲ್ಲರೆ, ಬ್ರೆಕ್ಸಿಟ್, ಅಂದ್ರೆ ಬ್ರಿಟನ್ ಯುರೋಪಿಯನ್ ಯೂನಿಯನ್ ಬಿಡೋದಕ್ಕೆ ಡೆಡ್‌ಲೈನ್ ಅಕ್ಟೋಬರ್ 31, ಡೀಲ್ ಇಲ್ಲದೆ ಹೊರಗೆ ಹೋಗೋಕೆ ಪಾರ್ಲಿಮೆಂಟ್ ಬಿಡಲ್ಲ ಅನ್ನೋದು ಎಲ್ಲರಿಗೂ ಕಾಣ್ತಿತ್ತು. ಆವತ್ತು ಮಂತ್ರಿ ಜೇಕಬ್ ರೀಸ್ ಮಾಗ್ ಮತ್ತೆ ಇನ್ನಿಬ್ಬರು ವಿಮಾನ ಹತ್ತಿ ಹೋಗಿ ರಾಣಿ ಮುಂದೆ ಪ್ರಿವಿ ಕೌನ್ಸಿಲ್ ಅನ್ನೋ ದೊರೆಯ ಸಲಹಾ ಮಂಡಳಿಯ ಸಭೆ ಮಾಡಿದ್ರು, ಆ ಸಭೆಯಲ್ಲಿ ಎಲ್ಲರೂ ನಿಂತೇ ಇರೋದು ರೂಢಿ, ಬೇಗ ಮುಗೀಲಿ ಅಂತಾನೋ ಏನೋ. ಸೆಪ್ಟೆಂಬರ್ ಎರಡನೇ ವಾರದಿಂದ ಅಕ್ಟೋಬರ್ 14ರವರೆಗೆ ಅಧಿವೇಶನ ಮುಂದೂಡಬೇಕು ಅನ್ನೋದು ಪ್ರಧಾನಿ ಸಲಹೆ. ಮಾಮೂಲಿಯಾಗಿ ಈ ಮುಂದೂಡಿಕೆ ಒಂದು ವಾರದೊಳಗೆ ಮುಗಿಯೋದು, ಇದು ಐದು ವಾರ. ರಾಣಿ ಒಪ್ಪಿದ್ರು.

ಎಷ್ಟೋ ಜನ ಆಗ ರಾಣಿ ಮೇಲೆ ಸಿಟ್ಟಾದ್ರು, ಒಂದು ಸಲ ಆಗಲ್ಲ ಅನ್ನಬಾರದಿತ್ತಾ ಅಂತ. ಯೋಚನೆ ಮಾಡಿ, ಅಂದಿದ್ರೆ? ಚುನಾಯಿತ ಪ್ರಧಾನಿ ಮಾತನ್ನ ಯಾರೂ ಆರಿಸದ ರಾಣಿ ತಳ್ಳಿಹಾಕಿದ್ಳು ಅಂತ ಆಗ್ತಿತ್ತು, ದೇಶದ ಅರ್ಧ ಜನ ಬ್ರೆಕ್ಸಿಟ್ ಪರ ಇದ್ದಾಗ ರಾಣಿ ಇನ್ನರ್ಧದ ನಾಯಕಿ ಆಗಿಬಿಡ್ತಿದ್ರು. ಹಾಗಂತ ಒಪ್ಪಿದ್ದರಿಂದ ಏನಾಯ್ತು, ರಾಜನ ಹಳೇ ಅಧಿಕಾರ ಒಂದನ್ನ ಪ್ರಧಾನಿ ಪಾರ್ಲಿಮೆಂಟಿನ ಬಾಯಿ ಮುಚ್ಚಿಸೋಕೇ ಬಳಸಿದ ಹಾಗಾಯ್ತು. ಒಂದನೇ ಚಾರ್ಲ್ಸ್ ಮಾಡ್ತಿದ್ದಿದ್ದೂ ಇದನ್ನೇ, ಬೇಡದ ಪಾರ್ಲಿಮೆಂಟನ್ನ ಮನೆಗೆ ಕಳಿಸೋದು. ಈ ಸಲ ಮಾಡಿದ್ದು ವೋಟಿಂದ ಬಂದ ಪ್ರಧಾನಿ.

ಆಗ ತಡೆದಿದ್ದು ಕೋರ್ಟು. ಸ್ಕಾಟ್ಲೆಂಡಿನ ಕೋರ್ಟ್ ಇದು ಕಾನೂನುಬಾಹಿರ ಅಂದಿತು, ಲಂಡನ್ನಿನ ಹೈಕೋರ್ಟ್ ಇದು ರಾಜಕೀಯ, ನಾವು ಕೈ ಹಾಕಲ್ಲ ಅಂದಿತು, ಎರಡೂ ಸುಪ್ರೀಂ ಕೋರ್ಟಿಗೆ ಬಂದ್ವು. ಸೆಪ್ಟೆಂಬರ್ 24ಕ್ಕೆ ಅಧ್ಯಕ್ಷೆ ಲೇಡಿ ಹೇಲ್ ಬಟ್ಟೆಗೆ ದೊಡ್ಡ ಜೇಡರಹುಳದ ಬ್ರೂಚ್ ಚುಚ್ಕೊಂಡು ಬಂದು ಕೂತು ತೀರ್ಪು ಓದಿದ್ರು, ಹನ್ನೊಂದಕ್ಕೆ ಹನ್ನೊಂದು ನ್ಯಾಯಾಧೀಶರು ಒಂದೇ ಮಾತು. ಇಷ್ಟು ದಿನ ಪಾರ್ಲಿಮೆಂಟ್ ಮುಚ್ಚೋಕೆ ಸರ್ಕಾರ ಒಂದು ಒಳ್ಳೆ ಕಾರಣ ಇರಲಿ, ಕಾರಣವನ್ನೇ ಕೊಟ್ಟಿಲ್ಲ, ಪ್ರಧಾನಿ ಕೊಟ್ಟ ಸಲಹೆ ಕಾನೂನುಬಾಹಿರ, ಅದರಿಂದ ಹುಟ್ಟಿದ ಆದೇಶವೂ ಇಲ್ಲದ ಹಾಗೆ, ಅಧಿವೇಶನ ಮುಂದೂಡಿದ ರಾತ್ರಿ ರಾಣಿಯ ಪ್ರತಿನಿಧಿಗಳು ಖಾಲಿ ಹಾಳೆ ಹಿಡ್ಕೊಂಡು ಪಾರ್ಲಿಮೆಂಟಿಗೆ ನಡೆದುಬಂದಂತೆ ಅಂತ. ಮಾರನೇ ದಿನ ಎಂಪಿಗಳು ವಾಪಸ್ ಬಂದು ಕೂತ್ರು. ಗಮನಿಸಿ, ಕೋರ್ಟ್ ರಾಣಿಯ ನಡತೆಯ ಬಗ್ಗೆ ತೀರ್ಪು ಕೊಡೋಕೆ ಹೋಗಲೇ ಇಲ್ಲ. ನೋಡಿದ್ದು ಸಲಹೆ ಕೊಟ್ಟವರನ್ನ.

ಆ ತೀರ್ಪಲ್ಲಿ 1611ರ ಒಂದು ಹಳೇ ಕೇಸಿನ ಮಾತು ಬರುತ್ತೆ. ಒಂದನೇ ಜೇಮ್ಸ್ ದೊರೆ ಲಂಡನ್ ಸುತ್ತ ಹೊಸ ಮನೆ ಕಟ್ಟಬಾರದು, ಗೋಧಿಯಿಂದ ಬಟ್ಟೆಗೆ ಹಾಕೋ ಗಂಜಿ ತಯಾರಿಸಬಾರದು ಅಂತ ಬರೀ ಘೋಷಣೆ ಹೊರಡಿಸಿಬಿಟ್ಟಿದ್ದ. ಇದು ಸರಿಯಾ ಅಂತ ಕೇಳಿದಾಗ ಎಡ್ವರ್ಡ್ ಕೋಕ್ ಅನ್ನೋ ನ್ಯಾಯಾಧೀಶ, ನೆಲದ ಕಾನೂನು ಕೊಟ್ಟಿರೋ ಅಧಿಕಾರ ಬಿಟ್ಟು ರಾಜನಿಗೆ ಬೇರೆ ಅಧಿಕಾರ ಇಲ್ಲ ಅಂದ. ಬಟ್ಟೆ ಗಂಜಿ ವಿಷಯದಲ್ಲಿ ರಾಜನನ್ನ ಕಟ್ಟಿಹಾಕೋಕೆ ಹುಟ್ಟಿದ ಮಾತು, ನಾನೂರು ವರ್ಷ ಆದ ಮೇಲೆ ಪ್ರಧಾನಿಯ ಕೈ ಹಿಡೀತು. ಅಧಿಕಾರ ರಾಜನಿಂದ ಪ್ರಧಾನಿಗೆ ಹೋದಾಗ ಅದಕ್ಕೆ ಹಾಕಿದ್ದ ಹಗ್ಗವೂ ಜೊತೆಗೇ ಹೋಯ್ತು ಅಂತ ಕೋರ್ಟ್ ಹೇಳಿದಂಗಾಯ್ತು. ಇದಕ್ಕೆ ಮುಂಚೆ 2017ರ ಜನವರಿಯಲ್ಲೂ ಅಷ್ಟೇ, ಪಾರ್ಲಿಮೆಂಟಿನ ಕಾನೂನಿಲ್ಲದೆ ಸರ್ಕಾರ ತಾನೇ ಯುರೋಪಿಯನ್ ಯೂನಿಯನ್ ಬಿಡೋ ನೋಟಿಸ್ ಕೊಡೋ ಹಾಗಿಲ್ಲ ಅಂತ 8-3ರಲ್ಲಿ ತೀರ್ಪು ಬಂದಿತ್ತು.

ಎಲ್ಲಾ ಕಡೆ ಹೀಗೆ ತಡೆ ಸಿಗುತ್ತೆ ಅನ್ಕೋಬೇಡಿ. ಯುದ್ಧದ ವಿಷಯ ನೋಡಿ. 2013ರಲ್ಲಿ ಸಿರಿಯಾ ಮೇಲೆ ದಾಳಿಗೆ ಕ್ಯಾಮರೂನ್ ಕಾಮನ್ಸ್ ಒಪ್ಪಿಗೆ ಕೇಳಿ 285-272ರಲ್ಲಿ ಸೋತ್ರು, ಸುಮ್ಮನಾದ್ರು. 2018ರಲ್ಲಿ ತೆರೇಸಾ ಮೇ ಅದೇ ಸಿರಿಯಾ ಮೇಲೆ ದಾಳಿ ಮಾಡಿಸಿದ್ರು, ಮೊದಲು ವೋಟಿಗೆ ಹಾಕಲೇ ಇಲ್ಲ. ಎರಡೂ ಕಾನೂನು ಪ್ರಕಾರ ಸರಿಯೇ, ಯಾಕಂದ್ರೆ ಯುದ್ಧದ ಅಧಿಕಾರ ಇನ್ನೂ ರಾಜಂದು, ಅಂದ್ರೆ ಪ್ರಧಾನಿದು.

ಹಾಗಾದ್ರೆ ರಾಜ ದಿನಾ ಏನು ಮಾಡ್ತಾನೆ? ಕೆಂಪು ಚರ್ಮದ ಪೆಟ್ಟಿಗೆಗಳಲ್ಲಿ ಸರ್ಕಾರಿ ಕಾಗದ ಬರುತ್ತೆ, ಓದಬೇಕು, ಸಹಿ ಹಾಕಬೇಕು. ವಾರಕ್ಕೊಂದು ಸಲ, ಸಾಮಾನ್ಯವಾಗಿ ಬುಧವಾರ, ಪ್ರಧಾನಿ ಬಂದು ಭೇಟಿ ಮಾಡ್ತಾರೆ, ಇಬ್ಬರೇ, ನೋಟ್ಸ್ ಬರೆಯೋರಿಲ್ಲ. ವಾಲ್ಟರ್ ಬ್ಯಾಜಟ್ ಅನ್ನೋ ಪತ್ರಕರ್ತ 1867ರಲ್ಲೇ ದೊರೆಗೆ ಮೂರು ಹಕ್ಕು ಅಂದಿದ್ರು, ಸರ್ಕಾರ ತನ್ನ ಜೊತೆ ಸಮಾಲೋಚನೆ ಮಾಡಬೇಕು ಅನ್ನೋದು, ಹುರಿದುಂಬಿಸೋದು, ಎಚ್ಚರಿಸೋದು. ಎಲಿಜಬೆತ್ ಚರ್ಚಿಲ್‌ರಿಂದ ಟ್ರಸ್‌ವರೆಗೆ 15 ಪ್ರಧಾನಿಗಳನ್ನ ಕಂಡವರು, ಎದುರಿಗೆ ಕೂತ ಹೊಸ ಪ್ರಧಾನಿಗೆ 'ಇದನ್ನ 1956ರಲ್ಲೂ ನೋಡಿದ್ದೀನಿ' ಅನ್ನೋ ಅನುಭವ ಇರೋರು ಅವರೊಬ್ಬರೇ. ಅದರ ತೂಕ ಎಷ್ಟು ಅಂತ ಅಳೆಯೋಕೆ ಆಗಲ್ಲ.

ಆದ್ರೆ ನಾನು ಇದನ್ನ ತೀರಾ ಮುದ್ದು ಮಾಡಿ ಹೇಳೋಕೆ ತಯಾರಿಲ್ಲ, ಈ ಗುಟ್ಟಿನಲ್ಲಿ ಸಮಸ್ಯೆಯೂ ಇದೆ. ರಾಜಮನೆತನದ ಹಿತಾಸಕ್ತಿ ಮುಟ್ಟೋ ಮಸೂದೆ ಬಂದ್ರೆ ಪಾರ್ಲಿಮೆಂಟಲ್ಲಿ ಚರ್ಚೆ ಮುಗಿಯೋ ಮೊದಲೇ ಅರಮನೆಗೆ ತೋರಿಸಿ ಸಮ್ಮತಿ ಪಡೀಬೇಕು ಅಂತ ಒಂದು ಪದ್ಧತಿ ಇದೆ. ಅದು ಬರೀ ಶಾಸ್ತ್ರ ಅಂತಿದ್ರು. 2021ರಲ್ಲಿ ಗಾರ್ಡಿಯನ್ ಪತ್ರಿಕೆ 1973ರ ಕಡತ ಹೊರಗೆ ತಂದು, ಷೇರುಗಳ ಮಾಲೀಕರು ಯಾರು ಅಂತ ಬಹಿರಂಗ ಮಾಡೋ ಮಸೂದೆ ಬಂದಾಗ ರಾಣಿಯ ವಕೀಲರು ಸರ್ಕಾರದ ಜೊತೆ ಮಾತಾಡಿದ್ದನ್ನ ಬರೀತು. ಅರಮನೆ, ಸಮ್ಮತಿ ಅನ್ನೋದು ಔಪಚಾರಿಕ ಅಷ್ಟೇ ಅಂದಿತು. ಚಾರ್ಲ್ಸ್ ಯುವರಾಜ ಆಗಿದ್ದಾಗ ಮಂತ್ರಿಗಳಿಗೆ ಕಾಗದ ಬರೆಯೋದು ಪ್ರಸಿದ್ಧ, ಆ ಪತ್ರ ವ್ಯವಹಾರದ 27 ಕಾಗದ ಹೊರಗೆ ಬರೋಕೆ ಹತ್ತು ವರ್ಷ ಕೋರ್ಟು ಕಚೇರಿ ಅಲೀಬೇಕಾಯ್ತು, 2015ರಲ್ಲಿ ಬಂದ್ವು. ಅಷ್ಟರಲ್ಲಿ ಮಾಹಿತಿ ಹಕ್ಕಿನ ಕಾನೂನನ್ನೇ ತಿದ್ದಿ, ದೊರೆ ಮತ್ತೆ ಯುವರಾಜನ ಪತ್ರ ವ್ಯವಹಾರಕ್ಕೆ ಪೂರ್ತಿ ರಕ್ಷಣೆ ಕೊಟ್ಟುಬಿಟ್ಟಿದ್ರು. ಉತ್ತರ ಕೊಡಬೇಕಾಗಿಲ್ಲದವನು ತೀರ್ಮಾನವನ್ನೂ ಮಾಡಬಾರದು ಅಂದೆನಲ್ಲ, ಗುಟ್ಟಾಗಿ ಪ್ರಭಾವ ಬೀರಬಹುದು ಅಂದ್ರೆ ಆ ತರ್ಕವೇ ಹಾಳಾಗುತ್ತೆ.

ಖರ್ಚಿನ ಬಗ್ಗೆ ಒಂದು ಮಾತು ಅಷ್ಟೇ. 1760ರಲ್ಲಿ ಮೂರನೇ ಜಾರ್ಜ್ ಕ್ರೌನ್ ಎಸ್ಟೇಟ್ ಅನ್ನೋ ರಾಜನ ಆಸ್ತಿಯ ಆದಾಯ ಸರ್ಕಾರಕ್ಕೆ ಬಿಟ್ಟುಕೊಟ್ಟು ಬದಲಿಗೆ ಭತ್ಯೆ ತಗೊಂಡ, ಈಗ ಆ ಎಸ್ಟೇಟ್ ಲಾಭದ ಒಂದು ಪರ್ಸೆಂಟೇಜ್ ಲೆಕ್ಕದಲ್ಲಿ ಅನುದಾನ ಕೊಡ್ತಾರೆ, 2024-25ಕ್ಕೆ ಅದು 8.63 ಕೋಟಿ ಪೌಂಡ್. ಭದ್ರತೆಯ ಖರ್ಚು ಇದರೊಳಗಿಲ್ಲ.

ನಮ್ಮ ಕಡೆಯದ್ದನ್ನೂ ಒಂದು ಹೇಳಿಬಿಡ್ತೀನಿ, ಇದನ್ನ ಕೇಳಿದ್ರೆ ಸುಮಾರು ಜನ ನಂಬಲ್ಲ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತವೂ ಸಾಂವಿಧಾನಿಕ ರಾಜಪ್ರಭುತ್ವವೇ. ಸ್ವತಂತ್ರ ಭಾರತದ ದೊರೆ ಆರನೇ ಜಾರ್ಜ್, ಅವನ ಪ್ರತಿನಿಧಿ ಮೊದಲು ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ, ಆದ್ರೆ ನಡೀತಿದ್ದಿದ್ದೆಲ್ಲಾ ನೆಹರೂ ಸಂಪುಟದ ಮಾತು. ಮೈಸೂರಿನ ಕಥೆ ಇನ್ನೂ ಸೊಗಸು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಬಂದಿತ್ತು, ನಮಗೆ ಹೆಮ್ಮೆ, ಸರಿ, ಆದ್ರೆ ದಿವಾನರು ಉತ್ತರ ಕೊಡಬೇಕಾಗಿದ್ದಿದ್ದು ಮಹಾರಾಜರಿಗೆ, ಸಭೆಗಲ್ಲ. ನಾನು ಆಗ ಹೇಳಿದ ಎಳೆ ಹಿಡಿದು ನೋಡಿದ್ರೆ ಅದು ಸಾಂವಿಧಾನಿಕ ರಾಜಪ್ರಭುತ್ವ ಆಗಲ್ಲ. ಅದು ಆಗಿದ್ದು 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿಯ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಾಗ. ಜಯಚಾಮರಾಜ ಒಡೆಯರು 1950ರಲ್ಲಿ ರಾಜ್ಯಪಾಲರಂಥದ್ದೇ ಹುದ್ದೆಯಾದ ರಾಜಪ್ರಮುಖರು, 1956ರ ನವೆಂಬರ್ 1ರಿಂದ ರಾಜ್ಯಪಾಲರು. ಒಬ್ಬನೇ ಮನುಷ್ಯ ಆಳೋ ಮಹಾರಾಜನಿಂದ ಶುರುಮಾಡಿ ಸಹಿ ಹಾಕೋ ರಾಜ್ಯಪಾಲನವರೆಗೆ ಬಂದ, ಬ್ರಿಟನ್ನಲ್ಲಿ ಇದಕ್ಕೆ ಮುನ್ನೂರು ವರ್ಷ ಹಿಡೀತು. ಅಂಬೇಡ್ಕರ್ 1948ರ ನವೆಂಬರ್‌ನಲ್ಲಿ ಕರಡು ಸಂವಿಧಾನ ಮಂಡಿಸುವಾಗ ನಮ್ಮ ರಾಷ್ಟ್ರಪತಿಯ ಸ್ಥಾನ ಇಂಗ್ಲಿಷ್ ಸಂವಿಧಾನದ ರಾಜನ ಸ್ಥಾನವೇ ಅಂತ ಸ್ಪಷ್ಟವಾಗಿ ಹೇಳಿದ್ರು. ಸಲಹೆಯಂತೆ ನಡೀಲೇಬೇಕು ಅನ್ನೋದನ್ನ 1976ರ 42ನೇ ತಿದ್ದುಪಡಿ ಬರವಣಿಗೆಗೇ ಇಳಿಸಿತು.

ಇಲ್ಲಿಗೆ ನನ್ನ ಮಾತು ಮುಗೀತು, ಮುಂದಿನದ್ದು ಪ್ರಶ್ನೆಗಳು.

ಒಬ್ಬರು ಕೇಳಿದ್ರು: ರಾಜನಿಗೆ ಮನಸ್ಸಾಕ್ಷಿ ಒಪ್ಪದ ಕಾನೂನು ಬಂದ್ರೆ ಏನ್ ಮಾಡ್ತಾನೆ ಸಾರ್?

ಬೆಲ್ಜಿಯಂನಲ್ಲಿ ನಡೆದಿದೆ. 1990ರಲ್ಲಿ ಗರ್ಭಪಾತದ ಕಾನೂನಿಗೆ ಸಹಿ ಹಾಕೋಕೆ ದೊರೆ ಬೋದ್ವೆಂ ಆಗಲ್ಲ ಅಂದ್ರು, ಕಟ್ಟಾ ಕ್ಯಾಥಲಿಕ್. ಸರ್ಕಾರ ಏನ್ ಮಾಡಿತು ಗೊತ್ತಾ, ದೊರೆ ಆಳೋಕೆ ಅಸಮರ್ಥರಾಗಿದ್ದಾರೆ ಅಂತ ಘೋಷಿಸಿ, ಸಂವಿಧಾನ ಪ್ರಕಾರ ಅಧಿಕಾರ ಮಂತ್ರಿಮಂಡಲಕ್ಕೆ ಬಂತು ಅಂದು, ಮಂತ್ರಿಗಳೆಲ್ಲಾ ಸಹಿ ಹಾಕಿ ಕಾನೂನು ಮಾಡಿ, ಎರಡು ದಿನದೊಳಗೆ ದೊರೆಗೆ ಸಾಮರ್ಥ್ಯ ವಾಪಸ್ ಬಂತು ಅಂತ ಪಾರ್ಲಿಮೆಂಟಲ್ಲಿ ವೋಟ್ ಹಾಕಿ ಮತ್ತೆ ಕೂರಿಸಿದ್ರು. 2008ರಲ್ಲಿ ಲಕ್ಸೆಂಬರ್ಗಿನ ದೊರೆ ದಯಾಮರಣದ ಕಾನೂನಿಗೆ ಹಾಗೇ ಅಂದಾಗ ಅಲ್ಲಿನವರು ಆಟ ಆಡೋಕೇ ಹೋಗಲಿಲ್ಲ, ಕಾನೂನಿಗೆ ದೊರೆ ಒಪ್ಪಿಗೆ ಬೇಕು ಅನ್ನೋದನ್ನೇ ಸಂವಿಧಾನದಿಂದ ತೆಗೆದುಹಾಕಿದ್ರು.

ಇನ್ನೊಬ್ಬರು, ಕಾಲೇಜು ಹುಡುಗಿ: ರಾಜ ಬಳಸದೇ ಇರೋ ಪವರನ್ನ ಇನ್ಯಾರಾದ್ರೂ ಅವರ ಹೆಸರಲ್ಲಿ ಬಳಸಿಬಿಟ್ರೆ?

ಒಳ್ಳೆ ಪ್ರಶ್ನೆ. ಆಸ್ಟ್ರೇಲಿಯಾ, 1975ರ ನವೆಂಬರ್ 11. ಸೆನೆಟ್ ಬಜೆಟ್ ಹಣ ತಡೆಹಿಡಿದಿತ್ತು, ಪ್ರಧಾನಿ ಗಾಫ್ ವಿಟ್ಲಮ್‌ಗೆ ಕೆಳಮನೆಯಲ್ಲಿ ಬಹುಮತ ಇದ್ರೂ ಅಲ್ಲಿ ರಾಣಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಜಾನ್ ಕೆರ್ ಅವರನ್ನ ವಜಾ ಮಾಡಿ ವಿರೋಧ ಪಕ್ಷದ ಫ್ರೇಸರ್‌ನ ಕೂರಿಸಿದ್ರು. ಆ ಕೆರ್‌ನ ಹುದ್ದೆಗೆ ಸೂಚಿಸಿದ್ದು ಇದೇ ವಿಟ್ಲಮ್. ಸ್ಪೀಕರ್ ಲಂಡನ್ನಿಗೆ ರಾಣಿಗೆ ಬರೆದ್ರೆ, ಇದು ಆಸ್ಟ್ರೇಲಿಯಾದ ವಿಷಯ, ರಾಣಿ ಮಧ್ಯೆ ಬರೋದು ಸರಿಯಲ್ಲ ಅಂತ ಕಾರ್ಯದರ್ಶಿ ಉತ್ತರ ಬಂತು. ಆಮೇಲಿನ ಚುನಾವಣೆಯಲ್ಲಿ ಫ್ರೇಸರ್ ಭರ್ಜರಿ ಗೆದ್ರು, ಆದ್ರೂ ಆ ಜಗಳ ಇನ್ನೂ ತಣ್ಣಗಾಗಿಲ್ಲ. ಸ್ವೀಡನ್ ಅಂತೂ ಹೊಸ ಸಂವಿಧಾನದಲ್ಲಿ ಪ್ರಧಾನಿ ಆಯ್ಕೆಯನ್ನ ರಾಜನಿಂದ ಕಿತ್ತು ಪಾರ್ಲಿಮೆಂಟಿನ ಸ್ಪೀಕರ್‌ಗೆ ಕೊಟ್ಟಿದೆ, 1975ರಿಂದ. ನನ್ನ ಕೇಳಿದ್ರೆ ಅದೇ ಸರಿ.

ಕೊನೇದು, ಹಿರಿಯರೊಬ್ಬರು: ರಾಜ ರಾಜೀನಾಮೆ ಕೊಡಬಹುದಾ?

ಕೊಡಬಹುದು, ಆದ್ರೆ ಒಂದು ಪತ್ರ ಬರೆದಿಟ್ಟು ಹೋಗೋ ಹಾಗಿಲ್ಲ, ಕಾನೂನು ಆಗಬೇಕು. ಎಂಟನೇ ಎಡ್ವರ್ಡ್ ಎರಡು ಸಲ ವಿಚ್ಛೇದನ ಆದ ವಾಲಿಸ್ ಸಿಂಪ್ಸನ್‌ರನ್ನ ಮದುವೆ ಆಗ್ತೀನಿ ಅಂದಾಗ ಪ್ರಧಾನಿ ಬಾಲ್ಡ್ವಿನ್ ಒಪ್ಪಲಿಲ್ಲ, ಸರ್ಕಾರದ ಮಾತು ಮೀರಿ ಮದುವೆಯಾದ್ರೆ ಸರ್ಕಾರ ರಾಜೀನಾಮೆ ಕೊಡುತ್ತೆ ಅನ್ನೋ ಪರಿಸ್ಥಿತಿ. 1936ರ ಡಿಸೆಂಬರ್ 10ಕ್ಕೆ ತನ್ನ ಮೂರು ಜನ ತಮ್ಮಂದಿರ ಎದುರು ಸಹಿ ಹಾಕಿದ್ರು, 11ಕ್ಕೆ ಪಾರ್ಲಿಮೆಂಟ್ ಕಾನೂನು ಮಾಡಿತು, ಆ ಕಾನೂನಿಗೂ ದೊರೆಯ ಒಪ್ಪಿಗೆ ಬೇಕಲ್ಲ, ಕೊಟ್ಟಿದ್ದು ಅದೇ ಎಡ್ವರ್ಡ್, ಕೊಟ್ಟ ಕ್ಷಣಕ್ಕೆ ದೊರೆಯಲ್ಲ. ಅಲ್ಲಿಗೂ ಮುಗಿಯಲಿಲ್ಲ. ಅವನು ಬೇರೆ ಬೇರೆ ದೇಶಗಳಿಗೂ ದೊರೆ, ಐರ್ಲೆಂಡ್ ತನ್ನ ಕಾನೂನು ಮಾಡಿದ್ದು ಒಂದು ದಿನ ತಡವಾಗಿ, 12ಕ್ಕೆ, ದಕ್ಷಿಣ ಆಫ್ರಿಕಾ ಲೆಕ್ಕದಲ್ಲಿ ಅವನು 10ಕ್ಕೇ ಹೋಗಿಬಿಟ್ಟಿದ್ದ. ಅಂದ್ರೆ ಅಣ್ಣ ತಮ್ಮ ಇಬ್ಬರೂ ಒಂದೇ ದಿನ ಬೇರೆ ಬೇರೆ ಊರಿನ ದೊರೆಗಳು, ಲಂಡನ್ನಲ್ಲಿ ಆರನೇ ಜಾರ್ಜ್, ಡಬ್ಲಿನ್‌ನಲ್ಲಿ ಇನ್ನೂ ಎಂಟನೇ ಎಡ್ವರ್ಡ್, ಮತ್ತೆ ಅಲ್ಲಿನ ಕಚೇರಿಗಳು ಆವತ್ತೂ ಮಾಮೂಲಿಯಾಗೇ ಕೆಲಸ ಮಾಡಿದ್ವು.